ಲಾಭ

ಸೊಲ್ಲಾಪುರದಲ್ಲಿ ಇಳಿದಾಗ ಬೆಳಗಿನ ಎಂಟು,
ವಿಜಯಪುರದ ಗಾಡಿ ಸಂಜೆ ಆರಕ್ಕೆ.
ನಡುವೆ ಇಡೀ ಒಂದು ಹಗಲು,
ಖಾಲಿ ಚೀಲ, ಹರಕು ಹಿಂದಿ.

ಚಾಟಿ ಗಲ್ಲಿಯ ಅರಬಿ ಅಂಗಡಿ.
ರೇವಣಸಿದ್ಧ ಹತ್ತುರೆ, ಗಲ್ಲೆಯ ಮೇಲೆ ಹೆಸರಿತ್ತು,
ನನ್ನೊಡನೆ ಮರಾಠಿ, ಮಗ್ಗದ ಹುಡುಗನೊಡನೆ ತೆಲುಗು,
ಫೋನಿನಲ್ಲಿ ಯಾರಿಗೋ ಗುಜರಾತಿಯಲ್ಲಿ ಬೈಗುಳ.
ಎದ್ದು ಹೋಗುವ ನಾಟಕ ಆಡಿದೆ,
ಆತ ನೀರು ಕೊಟ್ಟ. ಮತ್ತೆ ಕೂತೆ.
ಕಡೆಗೆ ಒಂದು ಡಜನ್ ಟವೆಲ್ಲಿಗೆ ಒಪ್ಪಂದ.

ಬೆರಳು ನಾಲಿಗೆಗೆ ತಾಗಿಸಿ
ತುಟಿಯೊಳಗೇ ಎಣಿಸತೊಡಗಿದ:
ಲಾಭ, ಎರಡು, ಮೂರು, ನಾಕು, ಐದು, ಆರು...

ಮೊದಲ ಸೇರಿಗೆ ಒಂದು ಎನ್ನದ
ನಮ್ಮೂರ ಜೋಳದ ಅಳತೆ
ಇಲ್ಲಿ ಟವೆಲ್ಲಿನ ಮೇಲೆ ಕೂತಿತ್ತು!

‘ಅಣ್ಣಾರ, ಕನ್ನಡ ಬರ್ತದಲ್ಲ ನಿಮಗ!’
‘ಬರ್ತದ ಬರ್ತದ. ಆದ್ರ ರೇಟು ಅದ ನೋಡ್ರಿ.’
ನಕ್ಕೆವು. ಎಣಿಕೆ ಕೈತಪ್ಪಿತ್ತು.
‘ಎಷ್ಟಕ್ಕ ಬಂದಿದ್ದೆ?’
‘ಏಳು’ ಅಂದೆ ನಾನೇ.

ಬೋರ್ಡಿಲ್ಲದ ಒಂದು ಖಾನಾವಳಿಯ ದಾರಿ ಹೇಳಿದ.
ಹಪ್ಪಳದಂತೆ ಮುರಿಯುವ ಕಡಕ್ ರೊಟ್ಟಿ,
ಶೇಂಗಾ ಚಟ್ನಿಯ ನಡುವೆ ಕುಳಿ ತೋಡಿ
ಎಣ್ಣೆ ಸುರಿದ ಕಾಶವ್ವ
‘ಯಾವೂರು, ಎಷ್ಟು ಮಕ್ಕಳು, ಇನ್ನೊಂದು ಹಾಕಲಿ?’
ಉತ್ತರಕ್ಕೆ ಕಾಯದೆ ಹಾಕಿದಳು.
ದುಡ್ಡು ಕೇಳುವಾಗ ಮಾತ್ರ ತಾಟು ನೋಡಲಿಲ್ಲ,
ನಾಕು ರೊಟ್ಟಿ, ನೆನಪಿತ್ತು ಆಕೆಗೆ.

ಗಾಡಿಯಲ್ಲಿ ಗಂಟು ಬಿಚ್ಚಿದೆ.
ಹೊಸ ನೂಲಿನ ಗಂಜಿ ವಾಸನೆ,
ಬೆರಳಿಗಿನ್ನೂ ಚಟ್ನಿಯ ಬೆಳ್ಳುಳ್ಳಿ.
ಎರಡು ಸಲ ಎಣಿಸಿದೆ,
ಎರಡು ಸಲವೂ ಲಾಭದಿಂದಲೇ ಶುರುಮಾಡಿ.

ಹನ್ನೊಂದು.