ತೋಪಡ ಹಿಡಿಯದ ಹಲಗೆ

ಉಳಿಯ ಮೊನೆಯಲ್ಲಿ ಕೆರೆದು ಕೆರೆದು ತೆಗೆಯುತ್ತಿದ್ದೆ
ಶನಿವಾರ ಶನಿವಾರ,
ಪೆಟ್ಟಿಗೆಯ ಮೂಲೆಗೆ, ಚೌಕಟ್ಟಿನ ಕಿವಿಗೆ ಮೆತ್ತಿದ
ಆ ಕಂದು ಅಂಟನ್ನು.
ಸ್ವಚ್ಛವಾಗಿಡಿ ಎಂದಿದ್ದರು ತರಬೇತಿಯ ಮೇಷ್ಟ್ರು,
ಮೂರು ದಿನ, ಮಧ್ಯಾಹ್ನದ ಊಟ, ಒಂದು ಪ್ರಮಾಣಪತ್ರ.
ನಾನೂ ಒಲೆ ಸಾರಿಸಿ ಬೆಳೆದವಳು,
ಕೊಳೆ ಅಂದರೆ ಕೊಳೆ ಎಂದುಕೊಂಡೆ.

ಪಾಲಹಳ್ಳಿಯ ನಾಲೆ ಏರಿ ಮೇಲೆ ಹನ್ನೆರಡು ಪೆಟ್ಟಿಗೆ,
ಹೊಂಗೆಯ ನೆರಳು, ಸೀಮೆ ಹುಳು.
ಹದಿಮೂರನೆಯದು ಚೌಡಾಚಾರಿ ಮಾಡಿಕೊಟ್ಟದ್ದು
ಅವನ ಭುಜ ಹಿಡಿದುಕೊಂಡಿದ್ದ ವಾರ.
ಹೊರಗೆ ನುಣುಪು, ನೀಲಿ ಬಣ್ಣ;
ಒಳಗೆ ಗರಗಸ ಬಿಟ್ಟ ಹಾಗೆಯೇ, ಸಿಬಿರು, ಗೀರು.
'ಒಳಗಡೆ ಯಾರವ್ವ ನೋಡಾರು?' ಅಂದ.
ನೂರು ರೂಪಾಯಿ ಕಡಮೆ ತೆಗೆದುಕೊಂಡ
ನನ್ನ ಮುಖ ನೋಡದೆ.

ಆಮೇಲೆ ನುಸಿ ಬಂತು.
ತೆಂಗಿನ ನುಸಿ ಕಂಡ ಊರು ಇದು;
ಬುರುಡೆ ಬಿರಿದು ಉದುರಿದ ಎಳನೀರ ಮಾತು
ಅತ್ತೆಯ ಬಾಯಲ್ಲಿ ಇನ್ನೂ ಇದೆ.
ಇದು ಬೇರೆ. ಸಾಸಿವೆಯ ಅರ್ಧ, ಕೆಂಪು, ಏಡಿಯ ಚಿಪ್ಪಿನಂತೆ ಅಗಲ.
ನಮ್ಮ ತುಡುವೆ ಒಂದರ ಮೈ ಒಂದು ಕೊಡವಿಕೊಳ್ಳುತ್ತದೆ,
ಇವಕ್ಕೆ ಆ ಅಭ್ಯಾಸ ಕಡಮೆ.
ತೊಟ್ಟಿಲಿಗೆ ಮೇಣದ ಮುಚ್ಚಳ ಬೀಳುವ ಮುಂಚಿನ ಗಳಿಗೆ
ನುಸುಳಿ, ಮರಿಯ ಅಡಿಯಲ್ಲಿ ಅಡಗಿ,
ಕತ್ತಲಲ್ಲಿ ಮರಿಯನ್ನೇ ಉಂಡು ಸಂಸಾರ ಹೂಡುತ್ತದೆ.
ಹೊರಬಂದ ಹುಳುವಿಗೆ ರೆಕ್ಕೆ ಇರುತ್ತದೆ,
ಮುದುಡಿದ ಬಸ್ ಟಿಕೆಟ್ಟಿನಂಥ ರೆಕ್ಕೆ.
ಬಾಗಿಲಲ್ಲಿ ಬಿದ್ದು, ಗರಿಕೆಯ ಮೇಲೆ ನಡೆದುಕೊಂಡು ಹೋಗುತ್ತದೆ
ಎತ್ತಲೋ.

ಬಾಟಲಿಗೆ ಹುಳು ತುಂಬಿ, ಸಕ್ಕರೆ ಪುಡಿ ಉದುರಿಸಿ, ಉರುಳಿಸಿ
ಜಾಲರಿಯಿಂದ ಬಿಳಿ ತಟ್ಟೆಗೆ ಜಾಡಿಸಿದೆ.
ಮೂರನೆಯ ಪೆಟ್ಟಿಗೆ: ಇಪ್ಪತ್ತೆರಡು.
ಏಳನೆಯದು: ಮೂವತ್ತೊಂದಕ್ಕೆ ಎಣಿಕೆ ಬಿಟ್ಟೆ.
ಹದಿಮೂರು: ನಾಲ್ಕು.
ಮತ್ತೆ ಉರುಳಿಸಿದೆ. ಐದು.

ಸಿಬಿರು ಚುಚ್ಚುತ್ತದೆಂದು ಅದೊಂದನ್ನು ಕೆರೆದಿರಲಿಲ್ಲ.
ಮುಚ್ಚಳ ಏಳಲಿಲ್ಲ; ಉಳಿ ತೂರಿಸಿ ಮೀಟಿದರೆ
ಟಪ್ ಎಂದು, ಮನಸ್ಸಿಲ್ಲದೆ ಬಿಟ್ಟುಕೊಟ್ಟಿತು.
ಒಳಗೆ ಒಂದು ಗೀರೂ ಬರಿದಾಗಿರಲಿಲ್ಲ.
ಹಲಸಿನ ಮೇಣವೋ, ಬೇವಿನ ಗೋಂದೋ, ಯಾವ ಚಿಗುರಿನ ಅಂಟೋ,
ಹಿಂಗಾಲಿಗೆ ಮೆತ್ತಿಕೊಂಡು ಹಾರಿ ತಂದು
ಸಿಬಿರು ಸಿಬಿರಿಗೂ ತುಂಬಿ
ಗೋಡೆಗೆಲ್ಲ ಕೆಂಪು ಸಾರಣೆ.
ರಾಣಿ ಮೊಟ್ಟೆ ಇಡುವ ಮುಂಚೆ ಕೋಣೆ ಕೋಣೆಗೂ ಅದೇ, ತೆಳ್ಳಗೆ.
ವಾಸನೆ ಬಾಣಂತಿ ಮನೆಯದು:
ಸಾಂಬ್ರಾಣಿ, ಬೆಳ್ಳುಳ್ಳಿ ಸಿಪ್ಪೆಯ ಹೊಗೆ, ಸ್ವಲ್ಪ ಕಹಿ.
ನನ್ನ ಎರಡು ಹೆರಿಗೆಯಲ್ಲೂ
ಹೊಸ್ತಿಲು ದಾಟುವವರನ್ನು ಅತ್ತೆ
ಕಾಲು ತೊಳೆಸದೆ ಬಿಟ್ಟವರಲ್ಲ.
ಹನ್ನೆರಡು ಮನೆಗಳ ಸಾರಣೆಯನ್ನು ವಾರವಾರ
ಕೆರೆದು ತಿಪ್ಪೆಗೆ ಹಾಕಿದವಳು ನಾನು.

ಒಂದು ಪೆಟ್ಟಿಗೆ ಪುರಾವೆಯಲ್ಲ, ಗೊತ್ತು.
ರಾಣಿ ಗಟ್ಟಿಗಿತ್ತಿ ಇರಬಹುದು, ನೆರಳು ಹೆಚ್ಚು ತಂಪಿರಬಹುದು.
ನುಸಿ ಅಲ್ಲೂ ಇದೆ. ಐದು ಎಂದರೆ ಐದು.

ಆದರೂ ಹೋದೆ.
ಎಲ್ಲವನ್ನೂ ಒಳಗಡೆ ಒರಟು ಮಾಡಿಕೊಡು ಅಂದೆ.
ಹಂಗಿಸಲು ಬಂದಳೆಂದುಕೊಂಡ.
'ಐವತ್ತೊರ್ಸ ನುಣ್ಗೆ ಮಾಡಾದ್ ಕಲ್ತೆ ಕನವ್ವ,
ಅದೊಂದ್ ಪೆಟ್ಗೆಗ್ ಇಂಗ್ ಆಡ್ಕತೀಯಾ?'
ತಟ್ಟೆಯ ಲೆಕ್ಕ ಹೇಳಿದೆ. ಬಹಳ ಹೊತ್ತು
ತೋಪಡದ ಅಲಗನ್ನು ಬೆರಳಲ್ಲಿ ಸವರಿ
ಗೂಡಿನಲ್ಲಿಟ್ಟ. ಗರಗಸ ತೆಗೆದು
ಹಲಗೆಗೆ ಗೀರೆಳೆಯತೊಡಗಿದ; ಆ ಗೀರುಗಳೂ
ಒಂದೇ ಆಳ, ಒಂದೇ ಅಂತರ.

ಈವತ್ತು ನ್ಯಾಯಬೆಲೆ ಅಂಗಡಿಯ ಯಂತ್ರ
ನನ್ನ ಹೆಬ್ಬೆಟ್ಟನ್ನು ಮೂರು ಸಲ ಬೇಡವೆಂದಿತು.
ಸೋಪು, ಸೀಮೆಎಣ್ಣೆ, ಹುಣಿಸೆಹಣ್ಣು, ಯಾವುದಕ್ಕೂ ಬಿಟ್ಟಿಲ್ಲ;
ಗೆರೆ ಗೆರೆಯಲ್ಲೂ ತುಂಬಿ ಕೂತಿದೆ ಅಂಟು.
'ಒರೆಸ್ಕಂಡ್ ಬಾರವ್ವ' ಅಂದ ಬೋರಲಿಂಗ.
ಸೆರಗಿಗೆ ಉಜ್ಜಿದ ಹಾಗೆ ಮಾಡಿ
ಎಡಗೈ ಇಟ್ಟೆ.