ಬಾಗಿಲಾ ತಗೀಬ್ಯಾಡ

ಮೊದಲನೇ ಕಂತು ನೋಡಿದ ರಾತ್ರಿ
ಹಿತ್ತಲಕ ಹೋಗಾಕ ಧೈರ್ಯ ಸಾಲಲಿಲ್ಲ ನನಗ.
ಸತ್ತವರು ಎದ್ದು ನಡೀತಾರ
ಕಾಲು ಎಳಕೋತ, ಬಾಯಿ ತಗದು,
ಹಿಂದಿ ಡಬ್ಬಿಂಗಿನ್ಯಾಗ ಗುರ್ ಅಂತಾರ.
ಗುರ್ ಅನ್ನೂದಕ್ಕ ಡಬ್ಬಿಂಗ್ ಯಾಕ ಬೇಕ
ಅಂತ ನಮ್ಮವ್ವ.
ಆಕಿ ಹತ್ರ ಇಂಥಾವು ಭಾಳ ಅದಾವ:
ಅಷ್ಟು ದೊಡ್ಡ ಅಂಗಡಿ ತೆರದೈತಿ, ಬಿಸ್ಕೀಟ ಬಿದ್ದಾವ,
ಮಂದೀನ ಯಾಕ ತಿಂತಾವ ಇವು?

ಶೆಳಗಿಯೊಳಗ ಎರಡು ಖೋಲಿ ಮನಿ.
ನಾ ಟಾವೆಲ್ಲಿನ ಅಂಚು ಹೊಲೀತೀನಿ, ಡಜನ್ನಿಗೆ ಇಷ್ಟು ಅಂತ.
ತಮ್ಮ ರೇವಣಸಿದ್ದ ಮಗ್ಗದಿಂದ ಬರೂದು ಹತ್ತಕ್ಕ,
ಕೂದಲದಾಗ ಹತ್ತಿ ಧೂಳ, ಕಿವ್ಯಾಗ ಇನ್ನಾ ಖಟ್ ಖಟ್,
ಹಂಗಾಗಿ ಸೌಂಡ್ ಪೂರಾ ಇಡಬೇಕು.
ಮೊಬೈಲ್ ತಂಬಿಗಿಗೆ ಆನಿಸಿ ನಿಲ್ಲಸ್ತೀವಿ.
ಕಡಕ್ ರೊಟ್ಟಿ ಮುರಿಯೂ ಸಪ್ಪಳದಾಗ
ಎಷ್ಟೋ ಮಾತು ಹೋಗಿಬಿಟ್ಟಾವ.

ಮೂರನೇದರಾಗ ಟೊಪ್ಪಿಗಿ ಮುದುಕ ಸತ್ತ.
ನಾ ಊಟ ಬಿಟ್ಟೆ. ಖರೇನ ಬಿಟ್ಟೆ.
ನಾಕನೇದು ಬರೇ ಮಾತು,
ಹುಲ್ಲಿನ್ಯಾಗ ಕುಂತು ಒಬ್ಬರಿಗೊಬ್ಬರು ಅತ್ತರು,
ಒಂದು ಹೆಣಾನೂ ಬರಲಿಲ್ಲ, ನೆಟ್ ದಂಡ.
ಕೊಡ್ಲಿ ಹುಡುಗಿ ಅಂದ್ರ ನನಗ ಜೀವ.
ಕೂದಲಾ ಒಂದು ಚಿಂದಿಲೆ ಬಿಗದು ಕಟ್ಟತಾಳ ಆಕಿ.
ಮಿಶಿನ್ ಮುಂದ ನಾನೂ ಒಂದು ವಾರ ಹಂಗ ಕಟಗೊಂಡೆ.
ತಲಿ ನೂಸತೈತೇನ, ಅಂದಳು ಬಾಜೂಕಿನ ಮಹಾನಂದಾ.

ಏಳನೇದರಾಗ ಆಕಿ ತಮ್ಮ ಬಂದ.
ತೋಳ ಹರದ ಅಂಗಿ.
ಕಚ್ಚಿಸಿಕೊಂಡಾನೋ, ಬೇಲಿಗೆ ಸಿಕ್ಕು ಹರದೈತೋ
ತೋರಸಲಿಲ್ಲ, ಕಿತಬಿಗಳು.
ಅಂಗೈಲೆ ಬಡದ, ಸಣ್ಣಗ,
ಒಳಗ ಕೂಸು ಮಲಗಿದ್ರ ಬಡೀತಾರಲ್ಲ ಹಂಗ.
ಆಕಿ ಚಿಲಕದ ಮ್ಯಾಲೆ ಕೈ ಇಟ್ಟಳು.

ಬಾಗಿಲಾ ತಗೀಬ್ಯಾಡ! ಒದರಿದೆ ನಾ.
ತಗೀಬ್ಯಾಡ ಹುಚ್ಚಿ, ತಗೀಬ್ಯಾಡ!
ಓಣಿ ನಾಯಿ ಎದ್ದವು.
ಸಾವಕಾಶ, ಹಿಂಡಿ ಚೆಲ್ಲೀತು, ಅಂದಳು ಅವ್ವ.
ಆಕಿ ತಗೀಲಿಲ್ಲ.
ಬಾಗಿಲಕ್ಕ ಬೆನ್ನು ಹಚ್ಚಿ ಕುಂತಳು.
ಶಹಾಣಿ, ಅಂದೆ ನಾ, ನೋಡು ಎಂಥಾ ಶಹಾಣಿ,
ಅಂತ ತಮ್ಮನ ಕಡೆ ತಿರುಗಿದೆ.

ಅಂವ ಜಗಿಯೂದು ನಿಲ್ಲಿಸಿದ್ದ.

ಆ ವರ್ಷ ಭಿವಂಡ್ಯಾಗ ಮಗ್ಗ ಬಂದ ಆದಾಗ
ಹನ್ನೊಂದು ದಿನ ನಡದು ಬಂದಿದ್ದ ರೇವಣಸಿದ್ದ.
ಓಣಿ ಬಾಯಿಗೆ ಬಿದಿರು ಕಟ್ಟಿದ್ವಿ.
ಕಟ್ಟಾಕ ದಾರ ಸಿಗದಾಗ
ಟಾವೆಲ್ಲಿನ ಅಂಚಿನ ಪಟ್ಟಿ ಕೊಟ್ಟಾಕಿ ನಾನ.
ಒಂದು ಕಾಲಾಗ ಚಪ್ಪಲಿ, ತಂತೀಲೆ ಬಿಗದದ್ದು.
ಇನ್ನೊಂದು ಕಾಲಾಗ ಚೀಲದ ಚೂರು.
ಕಾಲು ಎಳಕೋತ ಬಿದಿರಿನ ತನಕ ಬಂದ,
ಬಾಯಿ ತಗದ. ದನಿ ಹೊರಡಲಿಲ್ಲ ಮೊದಲು.
ಆಮ್ಯಾಲೆ, ಅಕ್ಕಾ, ನೀರು, ಅಂದ.
ಡಬ್ಬೀನ ಕಸಬರಿಗಿ ಹಿಡಕೀಲೆ ಮುಂದ ನೂಕಿದೆ.
ಮಾರಿ ನೋಡಲಿಲ್ಲ. ಕಾಲು ನೋಡಿದೆ.
ಹದಿನಾಕು ದಿನ ಸಾಲಿ ಕಟ್ಟಿ ಮ್ಯಾಲೆ ಮಲಗಿದ.
ಅವ್ವಗ ಹೇಳಿದ್ದು ಬ್ಯಾರೆ,
ಹಾದ್ಯಾಗ ಅದಾನ, ಬರ್ತಾನ, ಅಂತ.

ಆಕೀದೇನ ತಪ್ಪಿಲ್ಲ ಬಿಡು, ಅಂದ ಈಗ.
ಮುಂದಿಂದು ಹಚ್ಚು.
ಚಾರ್ಜ್ ಇಲ್ಲ ಅಂದೆ ನಾ.
ಅರ್ಧದ ಮ್ಯಾಲೆ ಇತ್ತು. ಅಂವಗೂ ಕಾಣ್ತಿತ್ತು.

ಎಂಟನೇದು ಇನ್ನಾ ನೋಡಿಲ್ಲ ನಾನು.
ನೆಟ್ ಇಲ್ಲ ಅಂತೀನಿ, ಮಾಲು ತುರ್ತು ಐತಿ ಅಂತೀನಿ.
ಅಂವ ಮಗ್ಗದ ಸುಟ್ಟಿ ಹೊತ್ತಿನ್ಯಾಗ ಒಬ್ಬನ ನೋಡ್ಯಾನಂತ.
ಏನಾತು ಅಂತ ಹೇಳವಲ್ಲ,
ನಾ ಕೇಳವಲ್ಲೆ.
ನಿನ್ನಿ ರಾತ್ರಿ ಅವ್ವ ಕೇಳೇಬಿಟ್ಟಳು,
ಆ ಹುಡುಗಗ ಯಾರರ ನೀರು ಕೊಟ್ಟರೇನೋ ಸಿದ್ದ್ಯಾ?
ರೊಟ್ಟಿ ಮುರಕೋತ ಏನೋ ಅಂದ,
ಸಪ್ಪಳದಾಗ ಕೇಳಲಿಲ್ಲ.