ಒಂಬತ್ತನೇ ತಟ್ಟೆ

ರಾತ್ರಿ ಎರಡಕ್ಕೆ ಬೇಕರಿಯ ಬೀಗ ತೆಗೆಯುತ್ತೇನೆ.
ಒಲೆ ಕಾಯುತ್ತದೆ. ನಾನೂ.
ಡುಲೂತ್ ಬಂದರಿನಲ್ಲಿ ಅದಿರಿನ ಹಡಗುಗಳು
ಜನವರಿಯಿಂದ ಮಂಜುಗಡ್ಡೆಗೆ ಸೊಂಟ ಕೊಟ್ಟು ನಿಂತಿವೆ,
ಒಂದರ ಮೇಲೂ ದೀಪವಿಲ್ಲ.

ಏಳು ಕಾಲೇಜು. ಒಂದೊಂದಕ್ಕೂ ಎಪ್ಪತ್ತೈದು ಡಾಲರ್,
ಅಂದರೆ ಮುಕ್ಕಾಲು ರಾತ್ರಿಯ ಕೂಲಿ.
ಇಪ್ಪತ್ತು ಚಿತ್ರ, ಮೂರು ಶಿಫಾರಸು ಪತ್ರ,
ಮತ್ತೆ ಐನೂರು ಪದಗಳಲ್ಲಿ: ನೀವು ಚಿತ್ರ ಬಿಡಿಸುವುದು ಏಕೆ?
ಮೊಟ್ಟೆಯ ಸಿಪ್ಪೆ ಬಿಡಿಸುವುದು ಏಕೆಂದು
ಯಾರೂ ಕೇಳುವುದಿಲ್ಲ.
ಬರೆದೆ, ಅಳಿಸಿದೆ. ಕೊನೆಗೆ ಉಳಿದದ್ದರಲ್ಲಿ
‘ಅನ್ವೇಷಣೆ’ ಎರಡು ಕಡೆ ಇತ್ತು.
ನಾಚಿಕೆಯಾಗಿ ಒಂದನ್ನು ತೆಗೆದೆ.

ಬಿರುಕು ಬಿಟ್ಟ ಮೊಟ್ಟೆಗಳನ್ನು ಡೆಲ್ಮಾರ್ ನನಗೆಂದೇ ಎತ್ತಿಡುತ್ತಾನೆ.
ಹಳದಿಯನ್ನು ಅಂಗೈಯಿಂದ ಅಂಗೈಗೆ ಹೊರಳಿಸಿ ಆರಿಸಿ
ಪೊರೆ ಚುಚ್ಚಿ, ಬಣ್ಣದ ಪುಡಿಗೆ ಕಲಸಿ,
ಹೆಪ್ಪುಗಟ್ಟಿದ ಸರೋವರದ ಮೇಲೆ ಗಾಳ ಹಾಕುವವರ
ಹಲಗೆಗೂಡುಗಳನ್ನು ಬಿಡಿಸುತ್ತೇನೆ,
ಆರು ಚಳಿಗಾಲದಿಂದ ಅವನ್ನೇ.

ಗರಾಜು ಬಾಡಿಗೆಗೆ ಕೊಟ್ಟ ಟೊಯ್ವೊ ಹಕಾಲಾ
ನಲವತ್ತು ವರ್ಷ ಹಡಗಿನಲ್ಲಿ ಅಡುಗೆ ಮಾಡಿದವನು.
ಮೊದಲ ಹಡಗು ಹೊರಡುವ ದಿನಕ್ಕೆ ಪ್ರತಿ ವರ್ಷ ಪಂದ್ಯ ಕಟ್ಟುತ್ತಾನೆ.
ಈ ಸಲ ಮಾರ್ಚ್ ಇಪ್ಪತ್ತೆರಡು.
“ನಿನ್ನದು ಯಾವ ತಾರೀಖು, ಸೈಮಾ?” ಎಂದ.
“ಅವರು ಹೇಳಿಲ್ಲ.”
“ಹಾಗಾದರೆ ಅದು ಪಂದ್ಯವೇ ಅಲ್ಲ” ಎಂದು
ಕಾಫಿಗೆ ಚಿಟಿಕೆ ಉಪ್ಪು ಹಾಕಿಕೊಂಡ.

ಫೆಬ್ರವರಿಯಲ್ಲಿ ನಾಲ್ಕು ಪತ್ರ ಬಂದವು,
ನಾಲ್ಕರಲ್ಲೂ ಅದೇ ವಿಷಾದ, ಅದೇ ‘ಅಸಾಧಾರಣ ಸಂಖ್ಯೆಯ ಅರ್ಜಿಗಳು’.
ಒಂದರಲ್ಲಿ ನಾನು ಸೈಮನ್ ಆಗಿದ್ದೆ.
ಇಡೀ ದಿನ ಆ ಸೈಮನ್‌ಗಾಗಿ ಮರುಗಿದೆ,
ಪಾಪ, ಅವನಿಗೆ ಯಾರು ಹೇಳುತ್ತಾರೋ.
ಐದನೆಯದು ಇನ್ನೂ ಬಾಯಿ ಬಿಟ್ಟಿಲ್ಲ.
ಏಳನೆಯದಕ್ಕೆ ಶುಲ್ಕ ಕಟ್ಟಿ
ಅರ್ಜಿ ಕಳಿಸುವುದನ್ನೇ ಮರೆತಿದ್ದೆ.

ಆರನೆಯದು ಕರೆಯಿತು.
ಪರದೆಯ ಮೇಲೆ ಮೂರು ಮುಖ, ಒಂದು ಬೆಕ್ಕು.
ನರೆಗೂದಲಿನ ಪ್ರೊಫೆಸರ್ ಕೇಳಿದಳು:
“ಹದಿನಾಲ್ಕನೇ ಚಿತ್ರದ ಬಗ್ಗೆ ಹೇಳಿ.
ಉಳಿದವುಗಳಲ್ಲಿ ನೀವು ಉಸಿರು ಬಿಗಿಹಿಡಿದಿದ್ದೀರಿ.
ಇದೊಂದರಲ್ಲಿ ಬಿಟ್ಟಿದ್ದೀರಿ.”

ಹದಿನಾಲ್ಕನ್ನು ತೆರೆದು ನೋಡಿದೆ.
ಬೇಕರಿಯ ಒಂಬತ್ತನೇ ನಂಬರಿನ ತಟ್ಟೆ.
ಒಲೆಯ ಎಡಭಾಗ ಹೆಚ್ಚು ಸುಡುತ್ತದೆಂದು ಡೆಲ್ಮಾರ್‌ಗೆ ತೋರಿಸಲು
ನವೆಂಬರಿನಲ್ಲಿ ತೆಗೆದ ಫೋಟೋ:
ಕರಿಗಟ್ಟಿದ ಸಕ್ಕರೆಯ ಬಳೆಗಳು,
ಬನ್ನು ಎದ್ದು ಹೋದ ಜಾಗದ ಬಿಳುಪು,
ಅಂಚಿನಲ್ಲಿ ನಾನು ಉಗುರಿನಿಂದ ಕೆರೆದ ಮೂರು ಗೆರೆ.
ಕೆಳಗೆ ನಾನೇ ಕೊಟ್ಟ ವಿವರ:
‘ಗೂಡು, ಸಂಜೆ. ಹಲಗೆಯ ಮೇಲೆ ಮೊಟ್ಟೆಬಣ್ಣ.’

“ಅದು...” ಎಂದೆ, “ಅದಕ್ಕೆ ಬಹಳ ಹೊತ್ತು ಹಿಡಿಯಲಿಲ್ಲ.”
ಸುಳ್ಳಲ್ಲ.
ಆಕೆ ಏನೋ ಬರೆದುಕೊಂಡಳು. ಬೆಕ್ಕು ಎದ್ದು ಹೋಯಿತು.

ಈಗ ಬಾ ಎಂದರೆ ಕರೆದದ್ದು ತಟ್ಟೆಯನ್ನು,
ಬೇಡ ಎಂದರೆ ಬೇಡವಾದದ್ದು ನಾನು.
ನಿಜ ಹೇಳಿಬಿಡುವ ಪತ್ರವೊಂದು ಫೋನಿನಲ್ಲೇ ಕೂತಿದೆ.
ಹಿಟ್ಟು ಮೆತ್ತಿದ ಬೆರಳಿಗೆ ಪರದೆ ಮಣಿಯುವುದಿಲ್ಲ ಎಂಬುದು
ಇಷ್ಟು ದಿನದ ನೆಪ.

ಇಪ್ಪತ್ತನಾಲ್ಕರ ನಸುಕಿನಲ್ಲಿ ಹಡಗು ಕೂಗಿತು.
ಒಲೆಯ ಬಾಗಿಲು ತೆರೆದೇ ಬಿಟ್ಟು ಕಿಟಕಿಗೆ ಓಡಿದೆ.
ಸೇತುವೆ ಮೆಲ್ಲಗೆ ಮೇಲೇರುತ್ತಿತ್ತು,
ಕೆಳಗೆ ಮಂಜುಗಡ್ಡೆ ಗಾಜಿನ ಅಂಗಡಿ ಬಿದ್ದ ಹಾಗೆ.
ಟೊಯ್ವೊ ಎರಡು ದಿನದಿಂದ ಸೋತ.
ಆ ಹೊತ್ತಿನ ಬನ್ನುಗಳೂ ಸೋತವು.

ಗರಾಜಿನ ಗೋಡೆಗೆ, ಗೂಡುಗಳ ನಡುವೆ,
ತಟ್ಟೆಯನ್ನು ತೊಳೆಯದೆ ತೂಗುಹಾಕಿದ್ದೇನೆ.
ಎದುರಿಗೆ ಹೊಸ ಹಲಗೆ.
ಆ ಮೂರು ಗೆರೆ ಬಿಡಿಸಲು ಬರುತ್ತಿಲ್ಲ.
ಬೇಕರಿಯಲ್ಲಿ ಡೆಲ್ಮಾರ್ ದಿನಾ ಎಣಿಸುತ್ತಾನೆ:
ಏಳು, ಎಂಟು,
ಹತ್ತು.